ಅಪ್ಪ ಗಲ್ಲಾದಲ್ಲಿ ಕೂರುವುದು ಬೇಡ

ಲೆಸ್ಟರ್
19 ಅಕ್ಟೋಬರ್ 2020

ಅಮ್ಮನಿಗೆ ಸೀನ ಮಾಡುವ ನಮಸ್ಕಾರ.

ನಾನು ಕ್ಷೇಮ. ಅಲ್ಲೂ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ಫೋನಿನಲ್ಲಿ ಹೇಳೋಣ ಅಂದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಬರೆದು ಪುಟ್ಟಿಯ ಮೊಬೈಲಿಗೆ ಕಳಿಸುತ್ತಿದ್ದೇನೆ. ಪುಟ್ಟಿ, ಅಮ್ಮನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಓದು. ಜೋರಾಗಿ ಓದಬೇಡ.

ನೀನು ಬರೆಸಿದ್ದು ಓದಿದೆ. ಆಯುಧಪೂಜೆ ಮುಗಿಸಿ ಮಾರನೇ ದಿನದಿಂದ ಅಪ್ಪ ನಮ್ಮ ಹೋಟೆಲಿನಲ್ಲಿ ಮೊದಲಿನ ಹಾಗೆ ಟೇಬಲ್ ಹಾಕುತ್ತಾರಂತೆ, ಅದಕ್ಕೆ ನಿನ್ನ ಬಳೆ ಅಡ ಇಡುತ್ತಾರಂತೆ. ಬಳೆ ವಿಷಯ ಒಂದು ಪುಟ ಬರೆಸಿದ್ದೀಯ. ಅಪ್ಪನ ಶುಗರ್ 280 ಅನ್ನುವುದನ್ನು ಮಾತ್ರ ಕೊನೆಯಲ್ಲಿ, ಸುಮ್ನೆ ಹೇಳಿದ ಹಾಗೆ ಒಂದೇ ಸಾಲು. ನಾನು ಹತ್ತು ಸಲ ಓದಿದ್ದು ಆ ಸಾಲನ್ನೇ.

ಕೊರೊನಾ ಲಾಕ್‌ಡೌನ್ ಸಡಿಲಿಸಿ ಜೂನ್ 8ರಿಂದಲೇ ಕೂತು ತಿನ್ನಲು ಬಿಟ್ಟಿದ್ದಾರೆ, ಎದುರುಗಡೆಯವರು ತೆಗೆದಿದ್ದಾರೆ, ನಾವು ಮಾತ್ರ ಪಾರ್ಸೆಲ್ ಕಟ್ಟುತ್ತಾ ಕೂತಿದ್ದೇವೆ ಅಂತ ಅವರಿಗೆ ಸಂಕಟ. ಅರ್ಥವಾಗುತ್ತದೆ. ಆದರೆ ರೈಲೇ ಸರಿಯಾಗಿ ಓಡುತ್ತಿಲ್ಲ, ಅರಸೀಕೆರೆ ಸ್ಟೇಷನ್ ಹತ್ತಿರ ಟೇಬಲ್ ಹಾಕಿದರೆ ಬಂದು ಕೂರುವವರು ಯಾರು?

ಇಲ್ಲಿ ಏನಾಯಿತು ಅಂತ ಹೇಳುತ್ತೇನೆ, ನೀನು ನಿನ್ನ ಮಾತಿನಲ್ಲಿ ಅವರಿಗೆ ಹೇಳು. ಮಾರ್ಚ್ 20ರ ರಾತ್ರಿ ಹೋಟೆಲುಗಳೆಲ್ಲ ಬಾಗಿಲು ಹಾಕಿದವು. ಕೆಲಸ ಇಲ್ಲದಿದ್ದರೂ ನೂರಕ್ಕೆ 80ರಷ್ಟು ಸಂಬಳ ಸರ್ಕಾರದಿಂದ ಬರುತ್ತಿತ್ತು, ಫರ್ಲೋ ಅನ್ನುತ್ತಾರೆ. ಜುಲೈ 4ಕ್ಕೆ ಇಂಗ್ಲೆಂಡಿನಲ್ಲಿ ಹೋಟೆಲುಗಳು ತೆಗೆದವು, ನಮ್ಮ ಲೆಸ್ಟರಿನಲ್ಲಿ ಮಾತ್ರ ಕೇಸು ಜಾಸ್ತಿ ಅಂತ ಬೀಗ ತೆಗೆಯಲಿಲ್ಲ. ನಾವು ತೆಗೆದಿದ್ದು ಆಗಸ್ಟ್ 3ಕ್ಕೆ. ಸರಿಯಾಗಿ ಅದೇ ದಿನ ಅರ್ಧ ಬೆಲೆಯ ಯೋಜನೆಯೂ ಶುರು. ಸೋಮವಾರದಿಂದ ಬುಧವಾರದವರೆಗೆ ಹೋಟೆಲಿನಲ್ಲಿ ಕೂತು ತಿಂದರೆ ಬಿಲ್ಲಿನಲ್ಲಿ ಅರ್ಧ ಸರ್ಕಾರದ್ದು, ತಲೆಗೆ 10 ಪೌಂಡಿನವರೆಗೆ. ಕುಡಿತಕ್ಕೆ ಇಲ್ಲ. ಪಾರ್ಸೆಲ್‌ಗೂ ಇಲ್ಲ! ಮನೆಯಲ್ಲಿರಿ ಅಂದ ಸರ್ಕಾರವೇ ಬಂದು ಕೂತು ತಿನ್ನಿ ಅಂತ ದುಡ್ಡು ಕೊಟ್ಟಿತು ನೋಡು. ಇದನ್ನು ತಂದ ಹಣಕಾಸು ಮಂತ್ರಿ ಯಾರು ಗೊತ್ತಲ್ವಾ, ರಿಷಿ ಸುನಕ್, ನಮ್ಮ ಸುಧಾಮೂರ್ತಿಯವರ ಅಳಿಯ. ಜುಲೈನಲ್ಲಿ ಅವರೇ ಒಂದು ಹೋಟೆಲಿನಲ್ಲಿ ತಟ್ಟೆ ಹಿಡಿದು ಬಡಿಸಿದ ಫೋಟೋ ಪೇಪರಿನಲ್ಲಿ ಬಂದಿತ್ತು, ಮಾಸ್ಕ್ ಹಾಕಿರಲಿಲ್ಲ ಅಂತ ಬೈಸಿಕೊಂಡರು ಕೂಡ. ನಾನಂತೂ ಇಲ್ಲಿಯ ಗುಜರಾತಿ ಹುಡುಗರ ಮುಂದೆ ನಮ್ಮ ಕಡೆಯ ಅಳಿಯ ಅಂತ ಜಂಬ ಕೊಚ್ಚಿಕೊಂಡೆ.

ಜಂಬ ಇಳಿಯಲು ಒಂದು ವಾರ ಸಾಕಾಯಿತು. 7 ಪೌಂಡಿನ ಮಸಾಲೆ ದೋಸೆ ಮೂರೂವರೆಗೆ ಸಿಗುತ್ತದೆ ಅಂದರೆ ಬಿಡುತ್ತಾರಾ? ಆ ಮೂರು ದಿನ ಹೊರಗೆ ಸಾಲೋ ಸಾಲು, ಗುರುವಾರ ಬಂತು ಅಂದರೆ ನೊಣ ಹೊಡೆಯುವುದು. ಕಾವಲಿ ಮುಂದೆ ಮಾಸ್ಕ್ ಹಾಕಿಕೊಂಡು ನಿಂತರೆ ಮೂಗಿನಿಂದ ಬೆವರು ಇಳಿದು ಬಾಯಿಗೆ ಬರುತ್ತಿತ್ತು. ನಾವು ಮಾಸ್ಕ್ ಹಾಕಿಕೊಂಡರೇನು, ತಿನ್ನುವವರು ಹಾಕಿಕೊಂಡು ತಿನ್ನಲು ಆಗುತ್ತದೆಯೇ? ಬಾಯಿ ತೆರೆದರೆ ತಾನೇ ಹೋಟೆಲ್ ನಡೆಯುವುದು. ಕೊನೆಗೆ ನಮ್ಮ ಅಡುಗೆಯವರಲ್ಲಿ ಒಬ್ಬರಿಗೆ ಬಂತು.

ಇದನ್ನು ಹೇಳಬಾರದು ಅಂದುಕೊಂಡಿದ್ದೆ. ಅವರ ಪಕ್ಕದ ಕಾವಲಿ ನನ್ನದು. ನಾನೂ 14 ದಿನ ರೂಮಿನಲ್ಲಿದ್ದೆ. ನನಗೇನೂ ಆಗಲಿಲ್ಲ, ಒಂದು ಸೀನು ಕೂಡ ಬರಲಿಲ್ಲ, ದೇವರಾಣೆ. ಆಗ ಹೇಳಿದ್ದರೆ ನೀನು ಹರಕೆ ಹೊತ್ತು ಊಟ ಬಿಡುತ್ತಿದ್ದೆ. ಆ ದಿನಗಳಿಗೆ ಸಂಬಳ ಇಲ್ಲ, ಕಾಯಿಲೆಯ ಭತ್ಯೆ ಅಂತ ವಾರಕ್ಕೆ 95 ಪೌಂಡು ಚಿಲ್ಲರೆ ಮಾತ್ರ. ಸೆಪ್ಟೆಂಬರಿನಲ್ಲಿ ದುಡ್ಡು ಯಾಕೆ ಕಡಿಮೆ ಬಂತು ಅಂತ ಅಪ್ಪ ಕೇಳಿದರಂತಲ್ಲ, ಇದಕ್ಕೇ. ಅವರಿಗೆ ಹೇಳಬೇಡ. ಅಥವಾ ಇದನ್ನೇ ಹೇಳು, ಹೆದರಿಯಾದರೂ ಸುಮ್ಮನಾಗಲಿ.

ಈಗ ಇಲ್ಲಿ ಮತ್ತೆ ಬಿಗಿ ಮಾಡಿದ್ದಾರೆ. ಹೋದ ವಾರದಿಂದ ಬೇರೆ ಬೇರೆ ಮನೆಯವರು ಹೋಟೆಲಿನ ಒಳಗೆ ಒಟ್ಟಿಗೆ ಕೂರುವ ಹಾಗಿಲ್ಲ. ಬಾಗಿಲಲ್ಲಿ ನಿಂತು, ನೀವೆಲ್ಲ ಒಂದೇ ಮನೆಯವರಾ ಅಂತ ಕೇಳುವ ಕೆಲಸ ನನಗೆ ಬಿದ್ದಿದೆ, ಹೆಣ್ಣು ನೋಡಲು ಬಂದವರನ್ನು ಗೋತ್ರ ಕೇಳಿದ ಹಾಗೆ. ಮೊನ್ನೆ ಒಂದು ಗುಜರಾತಿ ಕುಟುಂಬ ಬಂತು, ಅಜ್ಜಿಯಿಂದ ಮಗುವಿನವರೆಗೆ ಒಂಬತ್ತು ಜನ, ಎಲ್ಲರೂ ಒಂದೇ ಮನೆ. ಆರಕ್ಕಿಂತ ಹೆಚ್ಚು ಜನ ಸೇರಬಾರದು ಅನ್ನುವುದು ಒಂದೇ ಮನೆಯವರಿಗೆ ಇಲ್ಲ, ಕೂರಿಸಿದೆವು. ಅವರ ಹಿಂದೆ ಬಂದ ಅಣ್ಣ ತಮ್ಮ ಬೇರೆ ಬೇರೆ ಮನೆಯವರು, ಪಾಪ, ಒಂದೇ ಬೀದಿಯಂತೆ, ವಾಪಸ್ ಕಳಿಸಿದೆವು. ದೊಡ್ಡವರು ನನ್ನನ್ನು ಏನೋ ಬೈದರು. ಗುಜರಾತಿಯಲ್ಲಿ, ಬಚಾವಾದೆ. ರಾತ್ರಿ ಹತ್ತಕ್ಕೆ ಎಲ್ಲರೂ ಎದ್ದು ಹೊರಡಬೇಕು, ಬೀದಿಯ ಹೋಟೆಲುಗಳೆಲ್ಲ ಒಟ್ಟಿಗೆ ಖಾಲಿ, ಆಮೇಲೆ ಬಸ್‌ಸ್ಟಾಪಿನಲ್ಲಿ ಜಾತ್ರೆ. ಇದರಿಂದ ರೋಗ ಹೇಗೆ ಕಡಿಮೆಯಾಗುತ್ತದೆ ಅಂತ ನನ್ನನ್ನು ಕೇಳಬೇಡ.

ಇಷ್ಟೆಲ್ಲ ನಿಯಮ ಇಟ್ಟುಕೊಂಡವರಿಗೇ ಹೀಗೆ. ನಮ್ಮ ಅಪ್ಪ ಬಂದವರನ್ನು ಮಾತಾಡಿಸದೆ ಬಿಡುವವರಾ? ಮಾಸ್ಕ್ ಗದ್ದಕ್ಕೆ ಇಳಿಸಿ, ಎಂಜಲು ಮುಟ್ಟಿ ನೋಟು ಎಣಿಸಿ, ಮೇಷ್ಟ್ರೇ ಮಗಳ ಮದುವೆ ಏನಾಯಿತು ಅಂತ ಶುರು ಮಾಡುತ್ತಾರೆ. ಶುಗರ್ ಇರುವವರಿಗೆ ಇದು ಬಂದರೆ ಕಷ್ಟ ಅಂತ ಇಲ್ಲಿ ಪದೇ ಪದೇ ಹೇಳುತ್ತಾರೆ. ಆಯುಧಪೂಜೆ ಮಾಡಲಿ, ರುಬ್ಬುವ ಕಲ್ಲಿಗೆ ಕುಂಕುಮ ಹಚ್ಚಲಿ, ಪಾರ್ಸೆಲ್ ಹಾಗೇ ನಡೆಯಲಿ. ಗಲ್ಲಾಕ್ಕೆ ಸಂಜೆ ಚಿಕ್ಕಪ್ಪನ ಮಗ ಬಂದು ಕೂರಲಿ, ನಾನು ಅವನಿಗೆ ಮೆಸೇಜ್ ಹಾಕಿದ್ದೇನೆ, ಹೂಂ ಅಂದಿದ್ದಾನೆ. ಪಾತ್ರೆ ಸಾಮಾನು ತರುವ ಖರ್ಚು ಈಗ ಬೇಡವೇ ಬೇಡ.

ಬಳೆ ಬಿಚ್ಚಬೇಡ. ನವೆಂಬರ್ ಮೊದಲ ವಾರ 300 ಪೌಂಡ್ ಕಳಿಸುತ್ತೇನೆ, ಕಟ್ಟಡದ ಬಾಡಿಗೆ ಬಾಕಿ ಅದರಲ್ಲಿ ತೀರಿಸಿ. ನನಗೆ ಏನೂ ತೊಂದರೆ ಇಲ್ಲ. ವಾರಕ್ಕೆ ನಾಲ್ಕೇ ದಿನ ಕೆಲಸ, ಅದೂ ಒಳ್ಳೆಯದೇ, ಸುಸ್ತಾಗುವುದಿಲ್ಲ. ಈ ತಿಂಗಳ ಕೊನೆಗೆ ಫರ್ಲೋ ಮುಗಿಯುತ್ತದೆ, ಬದಲಿಗೆ ಬೇರೆ ಯೋಜನೆ ಬರುತ್ತದಂತೆ, ಯಾವುದೂ ಇಲ್ಲದಿದ್ದರೂ ದೋಸೆ ಹುಯ್ಯುವವನಿಗೆ ಈ ಊರಿನಲ್ಲಿ ಕೆಲಸಕ್ಕೆ ಬರ ಇಲ್ಲ. ಊಟ ಹೋಟೆಲಿನಲ್ಲೇ ಆಗುತ್ತದೆ. ಸ್ವೆಟರ್ ಇದೆ. ನಿಜವಾಗಲೂ ಚೆನ್ನಾಗಿದ್ದೇನೆ.

ಅಪ್ಪನ ಶುಗರ್ ಇನ್ನೊಂದು ಸಲ ತೋರಿಸಿ, ಊಟಕ್ಕೆ ಮೊದಲು ಎಷ್ಟು, ಆಮೇಲೆ ಎಷ್ಟು, ಎರಡೂ ಬೇಕು. ಪುಟ್ಟಿ, ಚೀಟಿಯ ಫೋಟೋ ತೆಗೆದು ಕಳಿಸು, ಬಾಯಿಮಾತು ಬೇಡ. ದೊಡ್ಡಪ್ಪ ಕೇಳಿದ ಹುಡುಗಿ ವಿಷಯ ಆಮೇಲೆ ಬರೆಯುತ್ತೇನೆ. ನಾಲ್ಕಾಯಿತು, ಬಸ್ಸಿಗೆ ಓಡಬೇಕು.

ನಿನ್ನ
ಸೀನ

ಅಜ್ಜಿಗೆ ಹೇಳು, ಕಳಿಸಿದ ಚಟ್ನಿಪುಡಿ ಇನ್ನೂ ಇದೆ.