ಹಬ್ಬದ ದಿನದ ಲೆಕ್ಕಕ್ಕಾಗಿ ಪ್ರತಿಜ್ಞೆ ಮಾಡಿಸಬೇಡಿ

ಮಾನ್ಯರೇ,

ಸಂತ ಫ್ರಾನ್ಸಿಸರ ಹಬ್ಬ ಬಂತೆಂದರೆ ಕೆಲವೆಡೆ ಸೆಕ್ಯುಲರ್ ಫ್ರಾನ್ಸಿಸ್ಕನ್ ಸಭೆಗೆ, ಅಂದರೆ ಮನೆಯಲ್ಲಿದ್ದುಕೊಂಡೇ ಆ ಸಂತರ ದಾರಿಯಲ್ಲಿ ನಡೆಯುವ ಕಥೋಲಿಕರ ಸಭೆಗೆ, ತರಾತುರಿಯಲ್ಲಿ ಜನರನ್ನು ಸೇರಿಸುತ್ತಾರೆ. ಕೊರಳಿಗೆ T ಆಕಾರದ ಮರದ ಟಾವು ಶಿಲುಬೆ, ಒಂದು ಫೋಟೊ, ಅಲ್ಲಿಗೆ ಮುಗಿಯಿತು. ಆದರೆ ಇದು ಚಂದಾ ಕಟ್ಟಿ ಸೇರುವ ಸಂಘವಲ್ಲ, ಬದುಕಿಡೀ ನಡೆಸಿಕೊಡಬೇಕಾದ ಮಾತು.

1978ರಲ್ಲಿ ಪೋಪ್ ಆರನೇ ಪೌಲ್ ಅನುಮೋದಿಸಿದ ನಿಯಮ ಈಗ ಜಾರಿಯಲ್ಲಿದೆ. ಸೇರಬಯಸುವವರು ಸ್ಥಳೀಯ ಫ್ರಾಟರ್ನಿಟಿಯ (ಊರಿನ ಸದಸ್ಯರ ಬಳಗದ) ಕೌನ್ಸಿಲಿಗೆ ಅರ್ಜಿ ಕೊಡಬೇಕು, ನಿರ್ಧಾರ ಅದರದ್ದೇ. ಮೊದಲು ಪರಿಚಯದ ಅವಧಿ, ಆಮೇಲೆ ಕನಿಷ್ಠ ಒಂದು ವರ್ಷದ ತರಬೇತಿ. ನಂತರವೇ ಪ್ರತಿಜ್ಞೆ, ಅಂದರೆ ಈ ನಿಯಮದಂತೆ ಬದುಕುತ್ತೇನೆಂಬ ಮಾತು. ಅದನ್ನು ಸ್ವೀಕರಿಸುವವರು ಫ್ರಾಟರ್ನಿಟಿಯ ಮಿನಿಸ್ಟರ್, ಎಂದರೆ ಅದರ ಮುಖ್ಯಸ್ಥರು, ಅವರೂ ಸಂಸಾರಸ್ಥರೇ ಆಗಿರಬಹುದು. ಗುರುಗಳು (ಪಾದ್ರಿಗಳು) ಧರ್ಮಸಭೆಯ ಪರವಾಗಿ ಸಾಕ್ಷಿ.

ಕೆಡುವುದು ಆ ತರಬೇತಿಯ ವರ್ಷದಲ್ಲೇ. ಜಪಸರ, ಒಂದು ಪ್ರವಚನ, ಚಹಾ, ಇಷ್ಟರಲ್ಲೇ ತಿಂಗಳ ಸಭೆ ಮುಗಿದರೆ ನಿಯಮದ 26 ಕಲಮುಗಳನ್ನು ಓದುವವರು ಯಾರು? ಸಭೆಗೊಂದು ಕಲಮು ಹಿಡಿದು, ಅಂಗಡಿಯ ತಕ್ಕಡಿಗೆ, ಮನೆಗೆಲಸದವರ ಸಂಬಳಕ್ಕೆ ಅದು ಹೇಗೆ ಅನ್ವಯಿಸುತ್ತದೆಂದು ಮಾತಾಡಿಸಬೇಕು. ಹಾಗೆ ಮಾಡದ ಕಡೆ ಪ್ರತಿಜ್ಞೆಯಾದ ಮೇಲೆ ಜನ ಬರುವುದನ್ನೇ ಬಿಡುತ್ತಾರೆ.

ಮನೆಯವರನ್ನೂ ಮೊದಲೇ ಕರೆದು ತಿಳಿಸಬೇಕು. ಮಠವಿಲ್ಲ, ಉಡುಪಿಲ್ಲ, ಬ್ರಹ್ಮಚರ್ಯದ ವ್ರತವಿಲ್ಲ, ಆಸ್ತಿ ನಿಮ್ಮದೇ. ಇದು ಗೊತ್ತಿಲ್ಲದ ಗಂಡನೋ ಹೆಂಡತಿಯೋ ಹೆದರುವುದು ಸಹಜ. ಬೆಳಿಗ್ಗೆ ಸಂಜೆಯ ಪ್ರಾರ್ಥನೆ ಮನೆಯ ಹೊತ್ತಿಗೆ ಹೊಂದಬೇಕೇ ಹೊರತು ಅಡುಗೆ, ಮಕ್ಕಳ ಶಾಲೆ ಬಿಟ್ಟು ನಡೆಯಬೇಕಾದ್ದಲ್ಲ. ಕೀರ್ತನೆಗಳ ಪುಸ್ತಕ ಓದಲಾಗದವರಿಗೆ ಹನ್ನೆರಡು ಪರಲೋಕ ಮಂತ್ರಗಳ (‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಪ್ರಾರ್ಥನೆಯ) ಕ್ರಮವೂ ಇದೆ.

ಈ ಸಭೆಯ 1221ರ ಮೊದಲ ಕಟ್ಟಳೆಯಲ್ಲಿ ಪ್ರತಿಜ್ಞೆಯಾದ 3 ತಿಂಗಳೊಳಗೆ ಉಯಿಲು ಬರೆಯಬೇಕೆಂದಿತ್ತು. ಈಗಿನ ನಿಯಮದಲ್ಲಿ ಅದಿಲ್ಲ, ಆದರೂ ಅಣ್ಣತಮ್ಮಂದಿರು ಕೋರ್ಟು ಹತ್ತುವ ನಮ್ಮ ಊರುಗಳಲ್ಲಿ ತರಬೇತಿಯಲ್ಲೇ ಇದನ್ನು ನೆನಪಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಕೆಲಸಕ್ಕೆಂದು ಮುಂಬೈಗೋ ಗಲ್ಫಿಗೋ ಹೋದವರ ಪ್ರತಿಜ್ಞೆ ಅಳಿಯುವುದಿಲ್ಲ. ಇಲ್ಲಿನ ಕೌನ್ಸಿಲಿಗೆ ತಿಳಿಸಿ, ಅಲ್ಲಿನ ಫ್ರಾಟರ್ನಿಟಿಯ ಮಿನಿಸ್ಟರನ್ನು ಕೇಳಿ ವರ್ಗ ಮಾಡಿಸಿಕೊಳ್ಳಬಹುದು. ಹೊಸ ಫ್ರಾಟರ್ನಿಟಿ ಸ್ಥಾಪಿಸಲು ಶಾಶ್ವತ ಪ್ರತಿಜ್ಞೆ ಮಾಡಿದ ಐದು ಮಂದಿ ಸಾಕು. ಐವತ್ತು ಹೆಸರು ಬರೆಸಿಕೊಳ್ಳುವ ಮೊದಲು ಆ ಐವರನ್ನು ಸರಿಯಾಗಿ ತಯಾರು ಮಾಡಲಿ.

– ಸೆಕ್ಯುಲರ್ ಫ್ರಾನ್ಸಿಸ್ಕನ್ ಸಭೆಯ ಕೆಲವು ಸದಸ್ಯರು, ಮಂಗಳೂರು