ಅರ್ಧ ಫೀಸಿನ ಇಪ್ಪತ್ತು ವರ್ಷ

2025ರ ಜೂನ್‌ಗೆ ನಾನು ಸ್ವಂತ ಕನ್ಸಲ್ಟೆನ್ಸಿ ಶುರು ಮಾಡಿ ಇಪ್ಪತ್ತು ವರ್ಷ ತುಂಬಿತು. 2005ರಲ್ಲಿ ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯ ಎಚ್‌ಆರ್ ಕೆಲಸ ಬಿಟ್ಟೆ. ರಾಜಾಜಿನಗರದ ನಮ್ಮ ಮನೆಯ ಮುಂದಿನ ರೂಮಿನಲ್ಲಿ ಒಂದು ಮೇಜು, ಒಂದು ಲ್ಯಾಂಡ್‌ಲೈನ್, ಒಂದು ಹಳೆ ಕಂಪ್ಯೂಟರ್ ಇಟ್ಟುಕೊಂಡು ಕೂತೆ. ಇವತ್ತಿಗೂ ಅದೇ ರೂಮು. ಸ್ಟಾಫ್ ಅಂತ ಯಾರೂ ಇಲ್ಲ. "ಇಪ್ಪತ್ತು ವರ್ಷ ಒಬ್ಬಳೇ ನಡೆಸಿಕೊಂಡು ಬಂದೆಯಲ್ಲ" ಅಂತ ಮೊನ್ನೆ ಮನೆಗೆ ಬಂದಿದ್ದ ನೆಂಟರೆಲ್ಲ ಹೊಗಳಿದರು. ಒಬ್ಬಳೇ ಅಲ್ಲ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಮೆಷಿನ್ ಶಾಪ್, ಟೂಲ್ ರೂಮ್, ಫೌಂಡ್ರಿಗಳಿಗೆ ಜನ ಹುಡುಕಿಕೊಡುವುದು. ಡೈ ಡಿಸೈನರ್, ಸಿಎನ್‌ಸಿ ಪ್ರೋಗ್ರಾಮರ್, ಹೀಟ್ ಟ್ರೀಟ್‌ಮೆಂಟ್ ಇನ್‌ಚಾರ್ಜ್, ಪ್ಲಾಂಟ್ ಮ್ಯಾನೇಜರ್, ಇಂಥವರು. ಬೆಂಗಳೂರು ಅಂದರೆ ಸಾಫ್ಟ್‌ವೇರ್ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಪೀಣ್ಯದ ಒಳರಸ್ತೆಗಳಲ್ಲಿ ಒಂದು ದಿನ ಓಡಾಡಿದರೆ ಬೇರೆಯೇ ಊರು ಕಾಣುತ್ತದೆ. ಒಂದು ಶೆಡ್‌ನಲ್ಲಿ ಪ್ರೆಸ್, ಪಕ್ಕದ್ದರಲ್ಲಿ ಗ್ರೈಂಡಿಂಗ್, ಎದುರಿಗೆ ಪ್ಲೇಟಿಂಗ್. ಅಲ್ಲಿ ಒಬ್ಬ ಒಳ್ಳೆಯ ಟೂಲ್ ಮೇಕರ್ ಕೆಲಸ ಬಿಟ್ಟರೆ ಮಾಲೀಕರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಅವರು ಫೋನ್ ಮಾಡುವುದು ನನ್ನಂಥವರಿಗೆ.

ಮೊದಲ ಮೂರು ವರ್ಷ ಚೆನ್ನಾಗಿಯೇ ಹೋಯಿತು. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಲೆಹ್ಮನ್ ಬ್ರದರ್ಸ್ ಮುಳುಗಿತು. ಅಲ್ಲೆಲ್ಲೋ ಬ್ಯಾಂಕ್ ಮುಳುಗಿದರೆ ನಮಗೇನು ಅಂದುಕೊಂಡಿದ್ದೆ. ದೀಪಾವಳಿ ಕಳೆಯುವಷ್ಟರಲ್ಲಿ ಪೀಣ್ಯದಲ್ಲಿ ಎಕ್ಸ್‌ಪೋರ್ಟ್ ಆರ್ಡರ್ ನಿಂತವು. ಎರಡು ಪಾಳಿ ಓಡುತ್ತಿದ್ದ ಕಡೆ ಒಂದೇ ಪಾಳಿ ಆಯಿತು. ಆಫರ್ ಲೆಟರ್ ಕೈಯಲ್ಲಿದ್ದ ನನ್ನ ಮೂವರು ಕ್ಯಾಂಡಿಡೇಟ್‌ಗಳಿಗೆ "ಸದ್ಯಕ್ಕೆ ಬರಬೇಡಿ" ಅಂತ ಹೇಳಿಬಿಟ್ಟರು. ಅದರಲ್ಲಿ ಒಬ್ಬರು ಆಗಲೇ ಹಳೆ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ಅವರಿಗೆ ಫೋನ್ ಮಾಡಿ ಆ ಮಾತು ಹೇಳಿದ್ದು ನಾನೇ. ಆ ಸಂಜೆಯನ್ನು ನಾನು ಇನ್ನೂ ಮರೆತಿಲ್ಲ.

2009ರ ಜನವರಿಯಲ್ಲಿ ನಾನು ನಮ್ಮ ನೆಟ್‌ವರ್ಕ್‌ಗೆ ಸೇರಿದೆ. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇದು ನನ್ನ ಹಾಗೆ ಸ್ವಂತವಾಗಿ ಕೆಲಸ ಮಾಡುವ ರಿಕ್ರೂಟರ್‌ಗಳ ಕೂಟ. ಅಮೆರಿಕದಲ್ಲಿ ಇಂಥ ಕೂಟಗಳು 1950ರ ದಶಕದಿಂದಲೇ ಇವೆ. ನನ್ನ ಹತ್ತಿರ ಕೆಲಸ ಖಾಲಿ ಇದೆ, ಜನ ಇಲ್ಲ. ನಿಮ್ಮ ಹತ್ತಿರ ಜನ ಇದ್ದಾರೆ, ಕೆಲಸ ಇಲ್ಲ. ಇಬ್ಬರೂ ಸೇರಿದರೆ ಒಂದು ಪ್ಲೇಸ್‌ಮೆಂಟ್ ಆಗುತ್ತದೆ, ಬಂದ ಫೀಸು ಅರ್ಧ ಅರ್ಧ. ಇದಕ್ಕೆ ನಾವು ಸ್ಪ್ಲಿಟ್ ಅಂತೀವಿ. ನಮ್ಮಲ್ಲಿ ಸಾಮಾನ್ಯವಾಗಿ ಫೀಸು ವಾರ್ಷಿಕ ಸಂಬಳದ 8.33%, ಅಂದರೆ ಒಂದು ತಿಂಗಳ ಸಂಬಳ. ಸ್ಪ್ಲಿಟ್ ಆದರೆ ಹದಿನೈದು ದಿನದ ಸಂಬಳ ಮಾತ್ರ ನಮ್ಮದು.

"ಅರ್ಧ ಯಾಕೆ ಕೊಡಬೇಕು? ನೌಕರಿ ಡಾಟ್ ಕಾಮ್ ಇದೆಯಲ್ಲ, ನೀನೇ ಹುಡುಕು" ಅಂತ ಗೊತ್ತಿದ್ದವರು ಹೇಳಿದರು. ನನಗೂ ಹಾಗೇ ಅನಿಸಿತ್ತು. ಆದರೆ ಆಗ ಕೈಯಲ್ಲಿ ಇದ್ದದ್ದು ಒಂದೇ ಓಪನಿಂಗ್. ಪೀಣ್ಯದ ಒಂದು ಪ್ರೆಸ್ ಶಾಪ್‌ಗೆ ಪ್ರೋಗ್ರೆಸಿವ್ ಡೈ, ಅಂದರೆ ತಗಡನ್ನು ಹಂತ ಹಂತವಾಗಿ ಕತ್ತರಿಸಿ ಆಕಾರ ಕೊಡುವ ಅಚ್ಚು, ಗೊತ್ತಿರುವವರು ಬೇಕಿತ್ತು. ಎರಡು ತಿಂಗಳಿಂದ ಸಿಕ್ಕಿರಲಿಲ್ಲ. ಅದನ್ನು ನೆಟ್‌ವರ್ಕ್‌ನಲ್ಲಿ ಹಾಕಿದೆ.

ಮಾರನೇ ದಿನ ಕೊಯಮತ್ತೂರಿನಿಂದ ಫೋನ್ ಬಂತು. ಇಂಗ್ಲಿಷ್‌ನಲ್ಲಿ ಶುರು ಮಾಡಿದರು. ನನ್ನ ಹೆಸರು ಕೇಳಿದ ಮೇಲೆ "ಕನ್ನಡದವರಾ?" ಅಂದರು. ಕೊಯಮತ್ತೂರಿನ ಕಡೆ ತಲೆತಲಾಂತರದಿಂದ ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರ ಕುಟುಂಬಗಳಿವೆ. ಅವರು ಆ ಪೈಕಿ. ಅವರ ಕನ್ನಡ ನನಗೆ ಮೊದಮೊದಲು ಅರ್ಧಂಬರ್ಧ ಅರ್ಥವಾಗುತ್ತಿತ್ತು. ಆದರೆ ಅವತ್ತು ಅವರು ಹೇಳಿದ ಮಾತು ಪೂರ್ತಿ ಅರ್ಥವಾಯಿತು.

"ಮೇಡಂ, ನನ್ನ ಹುಡುಗ ಇಂಟರ್‌ವ್ಯೂನಲ್ಲಿ ಬಾಯಿ ಬಿಡಲ್ಲ. ಎರಡು ಕಡೆ ಅದಕ್ಕೇ ರಿಜೆಕ್ಟ್ ಆಗಿದ್ದಾನೆ. ಕ್ಯಾಬಿನ್‌ನಲ್ಲಿ ಕೂರಿಸಬೇಡಿ ಅಂತ ನಿಮ್ಮ ಕ್ಲೈಂಟ್‌ಗೆ ಹೇಳಿ. ನೇರ ಶಾಪ್ ಫ್ಲೋರಿಗೆ ಕರೆದುಕೊಂಡು ಹೋಗಲಿ."

ತನ್ನ ಕ್ಯಾಂಡಿಡೇಟ್‌ನ ಕೊರತೆಯನ್ನು ಮೊದಲು ಹೇಳುವ ರಿಕ್ರೂಟರ್‌ನ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಾನೂ ಹಾಗೆ ಮಾಡುತ್ತಿರಲಿಲ್ಲ. ಮಾಲೀಕರಿಗೆ ಅದೇ ಮಾತು ಹೇಳಿದೆ. ಅವರು ಆ ಹುಡುಗನನ್ನು ಪ್ರೆಸ್ ಹತ್ತಿರ ನಿಲ್ಲಿಸಿ, ಅವತ್ತು ತೊಂದರೆ ಕೊಡುತ್ತಿದ್ದ ಒಂದು ಪೀಸ್ ಕೈಗಿಟ್ಟರು. ಆತ ಅಂಚಿನ ಮೇಲೆ ಬೆರಳು ಆಡಿಸಿದ. ಒಂದೇ ಪಕ್ಕದಲ್ಲಿ ಬರ್, ಅಂದರೆ ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಏಣು, ಜಾಸ್ತಿ ಇತ್ತು. "ಪಂಚ್ ಸೆಂಟರ್‌ನಲ್ಲಿ ಇಲ್ಲ ಸರ್, ಈ ಕಡೆ ಕ್ಲಿಯರೆನ್ಸ್ ಜಾಸ್ತಿ ಆಗಿದೆ" ಅಂದ. ತಗಡು ಕತ್ತರಿಸುವ ಪಂಚ್‌ಗೂ ಡೈಗೂ ನಡುವಿನ ಸಂದು ಒಂದು ಕಡೆ ಜಾಸ್ತಿಯಾಗಿದೆ ಅಂತ ಅರ್ಥ. ಅಷ್ಟೇ ಇಂಟರ್‌ವ್ಯೂ. ವಾರ್ಷಿಕ ಸಂಬಳ 4.80 ಲಕ್ಷಕ್ಕೆ ಸೇರಿಕೊಂಡ. ಫೀಸು ಸುಮಾರು 40 ಸಾವಿರ, ನನ್ನ ಪಾಲು 20 ಸಾವಿರ. ಅದಕ್ಕಿಂತ ದೊಡ್ಡ ಬಿಲ್‌ಗಳನ್ನು ಆಮೇಲೆ ಬೇಕಾದಷ್ಟು ಮಾಡಿದ್ದೇನೆ. ಆದರೆ ಆ ವರ್ಷ ಮಾರ್ಚ್‌ನಲ್ಲಿ ನಮ್ಮ ಮನೆಗೆ ನನ್ನ ಕಡೆಯಿಂದ ಬಂದ ದುಡ್ಡು ಅದೊಂದೇ. ಆ ಹುಡುಗ ಈಗ ಅದೇ ಕಂಪನಿಯ ಟೂಲ್ ರೂಮ್ ಹೆಡ್. ಈಗಲೂ ಮಾತು ಕಮ್ಮಿ.

ನನ್ನ ಲೆಕ್ಕದ ಪುಸ್ತಕದಲ್ಲಿ ಸ್ವಂತ ಪ್ಲೇಸ್‌ಮೆಂಟ್‌ಗಳನ್ನು ನೀಲಿಯಲ್ಲಿ, ಸ್ಪ್ಲಿಟ್‌ಗಳನ್ನು ಕೆಂಪಿನಲ್ಲಿ ಬರೆಯುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಮೊನ್ನೆ ಕೂತು ತಿರುವಿ ಹಾಕಿದೆ. 2009ರಿಂದ ಈಚೆಗೆ ಕೆಂಪು ಸಾಲುಗಳೇ ಜಾಸ್ತಿ. ಕೊಯಮತ್ತೂರು, ಪುಣೆ, ರಾಜ್‌ಕೋಟ್, ಬೆಳಗಾವಿ. ಒಂದೊಂದು ಸಾಲಿನ ಹಿಂದೆಯೂ ಒಬ್ಬರು ನನ್ನ ಮೇಲಿಟ್ಟ ನಂಬಿಕೆ ಇದೆ.

ನಂಬಿಕೆ ಅಂತ ಸುಮ್ನೆ ಹೇಳುತ್ತಿಲ್ಲ. ಈ ಕೆಲಸದಲ್ಲಿ ದುಡ್ಡು ಹೇಗೆ ಬರುತ್ತದೆ ಅಂತ ನೋಡಿ. ಆಫರ್ ಆದ ಮೇಲೆ ಎಷ್ಟೋ ಕಡೆ ನೋಟಿಸ್ ಪೀರಿಯಡ್ಡೇ 90 ದಿನ. ಆ ಮೂರು ತಿಂಗಳಲ್ಲಿ ಹಳೆ ಕಂಪನಿ ಸಂಬಳ ಏರಿಸಿ ಉಳಿಸಿಕೊಳ್ಳಬಹುದು. ಸೇರಿದ ಮೇಲೆ ಬಿಲ್. ಬಿಲ್ ಮಾಡಿ 30 ಅಥವಾ 45 ದಿನಕ್ಕೆ ದುಡ್ಡು, ಅದೂ ಆದಾಯ ತೆರಿಗೆಯ ಪಾಲು (ಟಿಡಿಎಸ್) ಹಿಡಿದುಕೊಂಡು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಕ್ಲೈಂಟ್ ದುಡ್ಡು ಕೊಟ್ಟಿರಲಿ ಬಿಡಲಿ, ಬಿಲ್ ಮೇಲಿನ 18% ನಾವು ಮುಂದಿನ ತಿಂಗಳೇ ಕಟ್ಟಬೇಕು. ಆಮೇಲೆ 90 ದಿನದ ಗ್ಯಾರಂಟಿ. ಅಷ್ಟರೊಳಗೆ ಆತ ಬಿಟ್ಟು ಹೋದರೆ ಬೇರೆಯವರನ್ನು ಕೊಡಬೇಕು, ಇಲ್ಲ ದುಡ್ಡು ವಾಪಸ್. ಇದರಲ್ಲಿ ಒಂದು ಕಡೆ ಎಡವಿದರೂ ಇಬ್ಬರು ಪಾಲುದಾರರ ನಡುವೆ ಜಗಳ ಆಗುವುದಕ್ಕೆ ಸಾಕು.

2013ರಲ್ಲಿ ಹಾಗೇ ಆಯಿತು. ಕೊಯಮತ್ತೂರಿನವರೇ ಕಳಿಸಿದ್ದ ಒಬ್ಬ ಪ್ರೊಡಕ್ಷನ್ ಮ್ಯಾನೇಜರ್. ಸಂಬಳ 15 ಲಕ್ಷ, ಫೀಸು ಸುಮಾರು 1.25 ಲಕ್ಷ. ಹಂಚಿಕೊಂಡಾಗಿತ್ತು. 74ನೇ ದಿನ ಆತ ಬಿಟ್ಟು ಹೋದ. ಕ್ಲೈಂಟ್ ದುಡ್ಡು ವಾಪಸ್ ಕೇಳಿದರು. ಕೇಳುವ ಹಕ್ಕು ಅವರಿಗಿತ್ತು. ನನ್ನ ಪಾಲಿನ ದುಡ್ಡು ಮಗಳ ಸ್ಕೂಲ್ ಫೀಸಿಗೆ ಹೋಗಿತ್ತು. ಬೆಳಿಗ್ಗೆ ಹತ್ತಕ್ಕೆ ಕೊಯಮತ್ತೂರಿನ ಸರ್‌ಗೆ ಫೋನ್ ಮಾಡಿ, ಹೇಗೆ ಕೇಳಬೇಕೋ ಗೊತ್ತಾಗದೆ, ಸುತ್ತಿ ಬಳಸಿ ವಿಷಯ ಹೇಳಿದೆ. ಮಧ್ಯಾಹ್ನ ಎರಡಕ್ಕೆ ಅವರ ಅರ್ಧ ನನ್ನ ಅಕೌಂಟಿಗೆ ಬಂದಿತ್ತು. ಜೊತೆಗೆ ಒಂದು ಎಸ್‌ಎಂಎಸ್: ಕ್ಲೈಂಟ್ ಹತ್ತಿರ ಮೂರು ವಾರ ಟೈಮ್ ಕೇಳಿ, ಬೇರೆಯವರನ್ನು ಹುಡುಕೋಣ. ಹತ್ತೊಂಬತ್ತನೇ ದಿನಕ್ಕೆ ಬೇರೆಯವರಿಗೆ ಆಫರ್ ಆಯಿತು. ದುಡ್ಡು ವಾಪಸ್ ಕೊಡುವ ಪ್ರಸಂಗವೇ ಬರಲಿಲ್ಲ. ಆ ಕ್ಲೈಂಟ್ ಇವತ್ತಿಗೂ ನನ್ನ ಜೊತೆ ಇದ್ದಾರೆ. ಅವರಿಗೂ ನನ್ನ ಕೃತಜ್ಞತೆ. ಮೂರು ವಾರ ಕಾದರು, ಅದು ಸಣ್ಣ ವಿಷಯ ಅಲ್ಲ.

ನನ್ನಿಂದ ಆದ ಒಂದು ತಪ್ಪನ್ನೂ ಇಲ್ಲಿ ಹೇಳಲೇಬೇಕು. ಪುಣೆಯ ಒಬ್ಬ ಮೇಡಂ ಒಂದು ಸಲ ಒಬ್ಬ ಡಿಸೈನ್ ಇಂಜಿನಿಯರ್‌ನ ಬಯೋಡೇಟಾ ಕಳಿಸಿದ್ದರು. ಆಗ ಆಗಲಿಲ್ಲ. ಒಂದು ವರ್ಷ ಕಳೆದ ಮೇಲೆ ಆತನೇ ನನಗೆ ನೇರವಾಗಿ ಫೋನ್ ಮಾಡಿದ. ಬೇರೆ ಕ್ಲೈಂಟ್‌ಗೆ ಕಳಿಸಿದೆ, ಆಯಿತು. ನಮ್ಮ ನಿಯಮದ ಪ್ರಕಾರ ವರ್ಷ ಮೀರಿದರೆ ಕಳಿಸಿದವರಿಗೆ ಪಾಲಿಲ್ಲ. ನಾನು ಪೂರ್ತಿ ಫೀಸು ಇಟ್ಟುಕೊಂಡೆ, ಅವರಿಗೆ ಒಂದು ಮಾತೂ ಹೇಳಲಿಲ್ಲ. ಎರಡು ತಿಂಗಳು ಅದು ಮನಸ್ಸಿನಲ್ಲಿ ಕೊರೆಯಿತು. ಆತನ ಹೆಸರು ನನಗೆ ಗೊತ್ತಾಗಿದ್ದೇ ಅವರಿಂದ ಅಲ್ವಾ? ಕೊನೆಗೆ ಫೋನ್ ಮಾಡಿ ಎಲ್ಲ ಹೇಳಿದೆ, ಅರ್ಧ ಕಳಿಸುತ್ತೇನೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರಿಗೆ ಬೇಜಾರಾಗಿತ್ತು, ಮುಚ್ಚಿಡಲಿಲ್ಲ. ಆಮೇಲೆ, "ದುಡ್ಡು ಬೇಡ. ಇಲ್ಲಿ ಪುಣೆ ಹತ್ತಿರ ಚಾಕಣ್‌ನಲ್ಲಿ ನನ್ನದೊಂದು ಪೊಸಿಷನ್ ನಾಲ್ಕು ತಿಂಗಳಿಂದ ಖಾಲಿ ಇದೆ. ಅದಕ್ಕೆ ಜನ ಹುಡುಕಿಕೊಡಿ" ಅಂದರು. ಒಂದು ತಿಂಗಳು ಬೇರೆ ಎಲ್ಲ ಪಕ್ಕಕ್ಕಿಟ್ಟು ಅದನ್ನೇ ಹುಡುಕಿದೆ. ಹುಬ್ಬಳ್ಳಿಯ ಹುಡುಗಿಯೊಬ್ಬಳು ಸಿಕ್ಕಳು. ನಮ್ಮ ಬೆಂಗಳೂರಿನ ಜಿಟಿಟಿಸಿಯಲ್ಲಿ, ಅಂದರೆ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರದಲ್ಲಿ, ಕಲಿತವಳು. ಅಲ್ಲಿಂದ ಮುಂದೆ ನಾನು ಮತ್ತು ಆ ಮೇಡಂ ಎಷ್ಟು ಕೆಲಸ ಒಟ್ಟಿಗೆ ಮಾಡಿದ್ದೇವೋ ಲೆಕ್ಕವಿಲ್ಲ. ಮೇಡಂ, ಅವತ್ತು ನೀವು ಫೋನ್ ಇಟ್ಟುಬಿಟ್ಟಿದ್ದರೆ ನನಗೆ ಹೇಳುವುದಕ್ಕೆ ಏನೂ ಇರಲಿಲ್ಲ. ಇಡದೇ ಇದ್ದದ್ದಕ್ಕೆ ಧನ್ಯವಾದ.

2020ರ ಲಾಕ್‌ಡೌನ್ ಹೇಗೋ ತಳ್ಳಿದೆವು. ನಮ್ಮ ಮನೆಗೆ ಕಷ್ಟ ಬಂದದ್ದು 2021ರ ಏಪ್ರಿಲ್‌ನಲ್ಲಿ, ಎರಡನೇ ಅಲೆಯಲ್ಲಿ. ಯಜಮಾನರಿಗೆ ಕೋವಿಡ್ ಜೋರಾಯಿತು. ಬೆಡ್ ಸಿಗುವುದೇ ದೊಡ್ಡ ವಿಷಯವಾಗಿತ್ತು. ಆ ದಿನಗಳ ಬಗ್ಗೆ ಜಾಸ್ತಿ ಬರೆಯುವುದು ನನ್ನಿಂದ ಆಗುವುದಿಲ್ಲ. ಆಸ್ಪತ್ರೆಯ ಹೊರಗೆ ಕಾರಿನಲ್ಲಿ ಕೂತು ನೆಟ್‌ವರ್ಕ್‌ನವರಿಗೆ ಒಂದು ಮೇಲ್ ಹಾಕಿದೆ. ಏಳು ಪೊಸಿಷನ್ ಓಪನ್ ಇವೆ, ನನಗೆ ನೋಡಲು ಆಗುತ್ತಿಲ್ಲ, ಯಾರಾದರೂ ತೆಗೆದುಕೊಳ್ಳಿ, ನನಗೆ ಪಾಲು ಬೇಡ ಅಂತ.

ಪುಣೆಯ ಮೇಡಂ ಎರಡು ತೆಗೆದುಕೊಂಡರು. ರಾಜ್‌ಕೋಟ್‌ನವರು ಎರಡು. ಉಳಿದದ್ದು ಕೊಯಮತ್ತೂರಿನ ಸರ್. ನನ್ನ ಕ್ಲೈಂಟ್‌ಗಳಿಗೆ ಅವರು ಫೋನ್ ಮಾಡುವಾಗ ಪ್ರತಿ ಸಲ ನನ್ನ ಹೆಸರು ಹೇಳಿ, ಅವರ ಪರವಾಗಿ ಮಾಡುತ್ತಿದ್ದೇನೆ ಅಂತಲೇ ಮಾತು ಶುರು ಮಾಡಿದರಂತೆ. ನನಗೆ ಇದು ಗೊತ್ತಾದದ್ದು ಜುಲೈನಲ್ಲಿ, ಕ್ಲೈಂಟ್‌ಗಳ ಬಾಯಿಂದ. ನಾಲ್ಕು ಪೊಸಿಷನ್ ಮುಗಿದಿದ್ದವು. ನಾಲ್ಕರದ್ದೂ ಬಿಲ್ ನನ್ನ ಹೆಸರಿನಲ್ಲೇ ಹೋಗಬೇಕು ಅಂತ ಅವರವರೇ ಮಾತಾಡಿಕೊಂಡಿದ್ದರು. ನನ್ನ ಅರ್ಧ ನನಗೇ ಉಳಿಯಿತು. ಆಸ್ಪತ್ರೆಗೆ ಮಾಡಿದ ಸಾಲದಲ್ಲಿ ಒಂದು ಭಾಗ ಅದರಿಂದಲೇ ತೀರಿತು. ಯಜಮಾನರು ಈಗ ಆರಾಮಾಗಿದ್ದಾರೆ. ಇದನ್ನು ಬರೆಯುವಾಗ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದಾರೆ.

ಕೆಲಸ ಹುಡುಕುವವರ ಹತ್ತಿರ ನಾನು ಇಪ್ಪತ್ತು ವರ್ಷದಲ್ಲಿ ಒಂದು ರೂಪಾಯಿ ತೆಗೆದುಕೊಂಡಿಲ್ಲ. ಬೆಂಗಳೂರಿನಲ್ಲಿ ರಿಜಿಸ್ಟ್ರೇಷನ್ ಫೀಸು, ಟ್ರೈನಿಂಗ್ ಫೀಸು ಅಂತ ಹೊಸ ಹುಡುಗರಿಂದ ದುಡ್ಡು ಕಿತ್ತುಕೊಳ್ಳುವವರಿದ್ದಾರೆ. ಊರಿನಿಂದ ಸಾಲ ಮಾಡಿ ತಂದ ದುಡ್ಡು ಅದು. ನೋಡಿದರೆ ಹೊಟ್ಟೆ ಉರಿಯುತ್ತದೆ. ಕೆಲಸ ಕೊಡಿಸುತ್ತೇನೆ ಅಂತ ಯಾರಾದರೂ ನಿಮ್ಮ ಹತ್ತಿರ ಮೊದಲೇ ದುಡ್ಡು ಕೇಳಿದರೆ ಎದ್ದು ಬಂದುಬಿಡಿ. ನನ್ನ ಮೇಲೆ ಭರವಸೆ ಇಟ್ಟು ತಮ್ಮ ಸಂಬಳ, ಮನೆಯ ಕಷ್ಟ, ಬಾಸ್ ಜೊತೆಗಿನ ಜಗಳ ಎಲ್ಲ ಹೇಳಿಕೊಂಡ ಕ್ಯಾಂಡಿಡೇಟ್‌ಗಳಿಗೆ ನಾನು ಋಣಿ. ಕೆಲಸ ಸಿಗದೇ ಹೋದವರೇ ಜಾಸ್ತಿ. ಹಾಗಿದ್ದೂ ಅವರಲ್ಲಿ ಎಷ್ಟೋ ಜನ ತಮ್ಮ ಗೆಳೆಯರಿಗೆ ನನ್ನ ನಂಬರ್ ಕೊಟ್ಟಿದ್ದಾರೆ.

ಜಾಲಹಳ್ಳಿ ಕ್ರಾಸ್ ಹತ್ತಿರದ ಜೆರಾಕ್ಸ್ ಅಂಗಡಿಯವರಿಗೂ ಧನ್ಯವಾದ. ಮೆಟ್ರೋ ಬರುವ ಮೊದಲು, ರಸ್ತೆಯೆಲ್ಲ ಅಗೆದು ಹಾಕಿದ್ದ ಕಾಲದಲ್ಲಿ, ಇಂಟರ್‌ವ್ಯೂಗೆ ಬೇರೆ ಊರಿನಿಂದ ಬಂದ ಎಷ್ಟೋ ಜನರನ್ನು ನಾನು ಬರುವವರೆಗೆ ಕೂರಿಸಿಕೊಂಡು ನೀರು ಕೊಟ್ಟಿದ್ದಾರೆ. ನನ್ನ ಅತ್ತೆಯವರು ಈಗಿಲ್ಲ. ನಾನು ಹೊರಗೆ ಹೋದಾಗ ಬಂದ ಫೋನ್‌ಗಳನ್ನೆಲ್ಲ ತೆಗೆದು, ಹೆಸರು ನಂಬರ್ ಕ್ಯಾಲೆಂಡರ್ ಹಿಂದೆ ಬರೆದಿಡುತ್ತಿದ್ದರು. ಒಂದು ನಂಬರ್ ಕೂಡ ತಪ್ಪುತ್ತಿರಲಿಲ್ಲ.

ಕೊಯಮತ್ತೂರಿನ ಸರ್ ಈ ತಿಂಗಳ ಕೊನೆಗೆ ಕೆಲಸ ನಿಲ್ಲಿಸುತ್ತಿದ್ದಾರೆ. ಕಣ್ಣು ಸರಿ ಕಾಣುತ್ತಿಲ್ಲವಂತೆ. ಅವರ ಮಗಳು ಮುಂದುವರಿಸುತ್ತಾರೆ. ನಿನ್ನೆ ನಾನು ಆ ಮಗಳಿಗೆ ಮೊದಲ ಓಪನಿಂಗ್ ಕಳಿಸಿದೆ, ಪೀಣ್ಯದ ಅದೇ ಪ್ರೆಸ್ ಶಾಪ್‌ನದು. ಸರ್‌ಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರು ಓದುವುದು ತಮಿಳು, ಇಂಗ್ಲಿಷ್. ಹಾಗಾಗಿ ಇವತ್ತು ಸಂಜೆ ಅವರಿಗೆ ಫೋನ್ ಮಾಡಿ, ಇದನ್ನು ಮೊದಲಿಂದ ಕೊನೆಯವರೆಗೆ ನಾನೇ ಓದಿ ಹೇಳುತ್ತೇನೆ.