ಪೋರ್ಚುಗೀಸರು ಜನರೊಂದಿಗೆ ‘ಬೆರೆತರು’ ಎನ್ನುವ ಮೊದಲು

ಮಾನ್ಯ ಸಂಪಾದಕರೇ,

ಗೋವಾದ ಹಳೆಯ ಬಂಗಲೆಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಫೋಟೊಗಳು ಇನ್ನೂ ಚೆನ್ನಾಗಿದ್ದವು. ಆದರೆ ನಡುವೆ ಒಂದು ಮಾತು ನುಸುಳಿದೆ. ಪೋರ್ಚುಗೀಸರು ಬ್ರಿಟಿಷರ ಹಾಗೆ ದೂರ ನಿಂತು ಆಳಲಿಲ್ಲ, ಜನರ ಜೊತೆ ಬೆರೆತರು ಅಂತ. ಗೋವಾ ನೋಡಿ ಬಂದ ಎಷ್ಟೋ ಜನ ಹೀಗೇ ಹೇಳುತ್ತಾರೆ.

ಇದು ಸುಮ್ನೆ ಹುಟ್ಟಿದ ಮಾತಲ್ಲ. 1951ರಲ್ಲಿ ಪೋರ್ಚುಗಲ್‌ನ ಸರ್ವಾಧಿಕಾರಿ ಸಲಜಾರ್‌ನ ಸರ್ಕಾರ ತನ್ನ ವಸಾಹತುಗಳಿಗೆ ‘ಸಾಗರದಾಚೆಯ ಪ್ರಾಂತ್ಯಗಳು’ ಎಂದು ಹೊಸ ಹೆಸರಿಟ್ಟಿತು. ಅದೇ ಹೊತ್ತಿಗೆ ಬ್ರೆಜಿಲ್‌ನ ಸಮಾಜಶಾಸ್ತ್ರಜ್ಞ ಜಿಲ್ಬೆರ್ತೊ ಫ್ರೇರೆಯವರನ್ನು ಕರೆಸಿ ಆಫ್ರಿಕಾ, ಗೋವಾ ಎಲ್ಲ ಸುತ್ತಿಸಿತು. ಉಷ್ಣ ದೇಶಗಳ ಜನರ ಜೊತೆ ಬೆರೆಯುವುದು ಪೋರ್ಚುಗೀಸರ ಹುಟ್ಟುಗುಣ ಎಂಬ ಅವರ ವಾದ ಸರ್ಕಾರದ ಪ್ರಚಾರಕ್ಕೆ ಬೇಕಾದ ಹಾಗೆ ಒದಗಿತು. ಎಪ್ಪತ್ತು ವರ್ಷ ಕಳೆದ ಮೇಲೂ ನಾವು ಅದನ್ನೇ ಪುಕ್ಕಟೆ ಹಂಚುತ್ತಿದ್ದೇವೆ, ಅಲ್ವಾ?

ಇದಕ್ಕೆ ಆಫ್ರಿಕಾದ ಕತೆಗಾರರು ಆಗಲೇ ಉತ್ತರ ಕೊಟ್ಟಿದ್ದಾರೆ. ನಾವು ಓದಿಲ್ಲ, ಅಷ್ಟೇ. ನಮ್ಮಲ್ಲಿ ಆಫ್ರಿಕಾದ ಸಾಹಿತ್ಯ ಅಂದರೆ ಅಚಿಬೆ, ಗೂಗಿ, ಸೊಯಿಂಕಾ. ಮೂವರೂ ದೊಡ್ಡವರು, ಮೂವರೂ ಬ್ರಿಟಿಷರು ಆಳಿದ ನಾಡಿನವರು. ಪೋರ್ಚುಗೀಸರು ಆಳಿದ ಅಂಗೋಲಾ, ಮೊಜಾಂಬಿಕ್‌ಗಳ ಕಡೆ ನಮ್ಮ ಕಣ್ಣು ಹೋಗುವುದೇ ಅಪರೂಪ.

ಮೊಜಾಂಬಿಕ್‌ನ ಲೂಯಿಸ್ ಬೆರ್ನಾರ್ದೊ ಹೊನ್ವಾನಾ 1964ರಲ್ಲಿ ಒಂದು ಸಣ್ಣ ಕಥಾ ಸಂಕಲನ ತಂದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಅದೇ ವರ್ಷ ಜೈಲಿಗೂ ಹೋದರು. ಅದರಲ್ಲಿನ ‘ದಿನಾ’ ಎಂಬ ಕತೆಯಲ್ಲಿ ಜೋಳದ ಹೊಲದಲ್ಲಿ ಕಳೆ ಕೀಳುವ ಕೂಲಿಗಳಿಗೆ ಮಧ್ಯಾಹ್ನದ ಊಟದ ಬಿಡುವು. ಬೆನ್ನು ಬಗ್ಗಿದ ಮುದುಕ ಮದಾಲಾನ ಮಗಳು ಮರಿಯಾ ಅಲ್ಲಿಗೆ ಬರುತ್ತಾಳೆ. ಬಿಳಿಯ ಮೇಸ್ತ್ರಿ ಎಲ್ಲರ ಕಣ್ಣೆದುರೇ ಅವಳನ್ನು ಹೊಲದೊಳಗೆ ಕರೆದುಕೊಂಡು ಹೋಗುತ್ತಾನೆ. ಮದಾಲಾ ಒಂದು ಸನ್ನೆ ಮಾಡಿದರೆ ಸಾಕು, ಉಳಿದ ಕೂಲಿಗಳು ಎದ್ದು ನಿಲ್ಲುತ್ತಾರೆ. ಅವನು ಮಾಡುವುದಿಲ್ಲ. ಅವಳು ಮುದುಕನ ಮಗಳು ಅಂತ ಆಮೇಲೆ ಗೊತ್ತಾದಾಗ ಮೇಸ್ತ್ರಿ ಒಂದು ಬಾಟಲಿ ವೈನ್ ಕೊಡುತ್ತಾನೆ. ಮದಾಲಾ ಅದನ್ನು ಕುಡಿಯುತ್ತಾನೆ. ಮತ್ತೆ ಕೆಲಸ ಶುರು. ಲೇಖಕ ಎಲ್ಲೂ ಭಾಷಣ ಮಾಡುವುದಿಲ್ಲ. ‘ಬೆರೆತರು’ ಎನ್ನುವವರು ಈ ಒಂದು ಕತೆಯನ್ನಾದರೂ ಓದಬೇಕು. ಅಲ್ಲಿಯೂ ಬೆರೆಯುವುದು ಇದೆ. ಯಾರು ಕರೆದರು, ಯಾರಿಗೆ ಬೇಡ ಅನ್ನಲಾಗಲಿಲ್ಲ ಎಂಬುದೂ ಇದೆ.

ಅದೇ ಸಂಕಲನದ ಇನ್ನೊಂದು ಕತೆಯಲ್ಲಿ ಕರಿಯರ ಮನೆಯೊಂದರ ಕೋಳಿಗೂಡಿಗೆ ಹೊಕ್ಕ ಹಾವೊಂದು ಬಿಳಿಯ ನೆರೆಯವನ ನಾಯಿಯನ್ನು ಕಚ್ಚಿ ಕೊಲ್ಲುತ್ತದೆ. ದುಡ್ಡು ಕಟ್ಟಿಕೊಡು ಅಂತ ಅವನು ಮನೆಯ ಬಾಗಿಲಿಗೇ ಬಂದು ಗದರುತ್ತಾನೆ. ಅಪ್ಪ ತಲೆತಗ್ಗಿಸುವುದನ್ನು ಮಗ ನೋಡುತ್ತಾನೆ. ಮನೆ ಮಂದಿಯೆಲ್ಲ ಓದು ಬರಹ ಬಲ್ಲವರು. ಆದರೇನು? ಅಲ್ಲಿನ ಕಾನೂನು ಕರಿಯರನ್ನು ಎರಡು ಪಾಲು ಮಾಡಿತ್ತು. ಪೋರ್ಚುಗೀಸ್ ಭಾಷೆ, ನಡೆ ನುಡಿ ಎಲ್ಲ ಕಲಿತಿದ್ದೇನೆಂದು ಸಾಬೀತು ಮಾಡಿದವರಷ್ಟೇ ನಾಗರಿಕರು. ಉಳಿದವರನ್ನು ಸರ್ಕಾರ ಬಲವಂತದ ದುಡಿಮೆಗೆ ಎಳೆಯಬಹುದಿತ್ತು. 1950ರಲ್ಲಿ ಮೊಜಾಂಬಿಕ್‌ನ ಜನಸಂಖ್ಯೆ 50 ಲಕ್ಷ ದಾಟಿತ್ತು. ಹಾಗೆ ‘ಬೆರೆತು’ ನಾಗರಿಕರಾದ ಕರಿಯರು 5 ಸಾವಿರವೂ ಇರಲಿಲ್ಲ. ಈ ಕಾನೂನು ಹೋದದ್ದು 1961ರಲ್ಲಿ.

ನಿಜವಾಗಿಯೂ ಬೆರೆತ ಪೋರ್ಚುಗೀಸರು ಇರಲೇ ಇಲ್ಲವೇ ಅಂದರೆ, ಇದ್ದರು. ಲುವಾಂಡಿನೊ ವಿಯೆರಾ ಪೋರ್ಚುಗಲ್‌ನಲ್ಲೇ ಹುಟ್ಟಿದ ಬಿಳಿಯ. ಬೆಳೆದದ್ದು ಅಂಗೋಲಾದ ಲುವಾಂಡಾ ನಗರದ ಬಡ ಕೇರಿಗಳಲ್ಲಿ. ಅಲ್ಲಿನ ಜನರ, ಕಿಂಬುಂಡು ಎಂಬ ಸ್ಥಳೀಯ ಭಾಷೆ ಬೆರೆತ ಮಾತಿನಲ್ಲೇ ಕತೆ ಬರೆದರು. ಒಂದು ಕತೆಯಲ್ಲಿ ಒಬ್ಬಳ ಕೋಳಿ ಪಕ್ಕದ ಮನೆಯ ಬಸುರಿಯ ಹಿತ್ತಲಲ್ಲಿ ಮೊಟ್ಟೆ ಇಡುತ್ತದೆ. ನ್ಯಾಯ ಹೇಳಲು ಅಂಗಡಿಯವ, ಬಾಡಿಗೆ ಮನೆಯ ಮಾಲೀಕ, ಕೋರ್ಟು ಕಚೇರಿ ಬಲ್ಲವ ಎಲ್ಲ ಬರುತ್ತಾರೆ. ಎಲ್ಲರಿಗೂ ಮೊಟ್ಟೆ ತಮಗೇ ಬೇಕು. ಕೊನೆಗೆ ಬಂದ ಪೊಲೀಸರಿಗೆ ಕೋಳಿಯೇ ಬೇಕು! ನಗಿಸುತ್ತಲೇ ಇಡೀ ಆಡಳಿತದ ಬಣ್ಣ ಬಯಲು ಮಾಡುವ ಇಂಥ ಕತೆ ನಾನು ಬೇರೆ ಓದಿಲ್ಲ.

ಈ ಕತೆಯಿದ್ದ ಪುಸ್ತಕಕ್ಕೆ 1965ರಲ್ಲಿ ಪೋರ್ಚುಗೀಸ್ ಲೇಖಕರ ಸಂಘ ಬಹುಮಾನ ಕೊಟ್ಟಿತು. ಲೇಖಕ ಆಗ ಪೋರ್ಚುಗೀಸರದೇ ಕೈಲಿದ್ದ ಕೇಪ್ ವರ್ಡಿ ದ್ವೀಪಗಳ ತರ್ರಫಾಲ್ ಸೆರೆ ಶಿಬಿರದಲ್ಲಿ ಕೈದಿ. ಸರ್ಕಾರ ಆ ಸಂಘವನ್ನೇ ಮುಚ್ಚಿಸಿತು. ವಿಯೆರಾ 1972ರವರೆಗೂ ಅಲ್ಲೇ ಇದ್ದರು. ಬೆರೆಯುವುದನ್ನು ಹೊಗಳುತ್ತಿದ್ದ ಸರ್ಕಾರ ಬೆರೆತವನಿಗೆ ಮಾಡಿದ್ದು ಇದು.

ಹಾಗಂತ ಈ ಸಾಹಿತ್ಯ ಬರೀ ಬಿಳಿಯರನ್ನು ಬೈಯುವುದಿಲ್ಲ. ಈಗಿನ ಮೊಜಾಂಬಿಕ್‌ನ ದಕ್ಷಿಣ ಭಾಗದಲ್ಲಿದ್ದ ಗಾಜಾ ಸಾಮ್ರಾಜ್ಯದ ದೊರೆ ಗುಂಗುನ್ಯಾನೆಯನ್ನು ಪೋರ್ಚುಗೀಸರು 1895ರಲ್ಲಿ ಸೆರೆ ಹಿಡಿದು ಅಜೋರ್ಸ್ ದ್ವೀಪಕ್ಕೆ ಸಾಗಿಸಿದರು. ಅಲ್ಲೇ 1906ರಲ್ಲಿ ತೀರಿಕೊಂಡ. ಸ್ವತಂತ್ರ ಮೊಜಾಂಬಿಕ್ 1985ರಲ್ಲಿ ಅವನ ಅಸ್ಥಿ ತರಿಸಿಕೊಂಡು ವೀರನ ಪಟ್ಟ ಕೊಟ್ಟಿತು. ಎರಡೇ ವರ್ಷಕ್ಕೆ ಅಲ್ಲಿನ ಲೇಖಕ ಉಂಗುಲಾನಿ ಬಾ ಕಾ ಖೋಸಾ ‘ಉಆಲಾಲಾಪಿ’ ಎಂಬ ಕಾದಂಬರಿಯಲ್ಲಿ ಅದೇ ದೊರೆಯನ್ನು ಕ್ರೂರಿಯಾಗಿ ಚಿತ್ರಿಸಿದರು. ಇಷ್ಟು ಧೈರ್ಯ ಎಲ್ಲ ದೇಶದ ಐತಿಹಾಸಿಕ ಕಾದಂಬರಿಗಳಿಗೂ ಬರುವುದಿಲ್ಲ.

ಇದೆಲ್ಲ ನಮಗ್ಯಾಕೆ ಅನ್ನುವವರಿಗೆ ಒಂದು ಮಾತು. 1752ರವರೆಗೆ ಮೊಜಾಂಬಿಕ್‌ನ ಆಡಳಿತ ನಡೆದದ್ದು ಗೋವಾದಿಂದ. ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ, ಆಫ್ರಿಕಾ ಮೂಲದ ಸಿದ್ದಿಗಳ ಪೂರ್ವಿಕರಲ್ಲಿ ಬಹಳ ಮಂದಿ ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದವರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಎಂದು ಇತಿಹಾಸ ಬಲ್ಲವರು ಹೇಳುತ್ತಾರೆ. ಗೋವಾದ ಬಂಗಲೆಗಳ ಬಗ್ಗೆ ಬರೆಯುವಾಗ ಅವರೂ ನೆನಪಾಗಬೇಕಿತ್ತು.

ನಿಮ್ಮ ಪುರವಣಿಯಲ್ಲಿ ವಾರಕ್ಕೊಂದು ಕತೆ ಬರುತ್ತದೆ. ಹೊನ್ವಾನಾ ಕತೆಗಳು 1969ರಿಂದಲೇ ಇಂಗ್ಲಿಷಿನಲ್ಲಿ ಸಿಗುತ್ತಿವೆ. ಒಂದನ್ನಾದರೂ ಅನುಮತಿ ಪಡೆದು ಕನ್ನಡ ಮಾಡಿಸಿ ಹಾಕಿ. ಪೋರ್ಚುಗೀಸ್ ಬಲ್ಲವರು ಗೋವಾದಲ್ಲಿ ಈಗಲೂ ಇದ್ದಾರೆ, ಮೂಲದಿಂದಲೇ ಮಾಡಿಸಿದರೆ ಇನ್ನೂ ಒಳ್ಳೆಯದು.

ಇಂತಿ,
ನಿಮ್ಮ ಓದುಗ, ಯಲ್ಲಾಪುರ